ಮಳೆಗಾಲ ಕಳೆದು ಒಡವೆ ಪೆಟ್ಟಿಗೆ ತೆರೆದಾಗ ಎಲ್ಲ ಕಪ್ಪಾಗಿತ್ತು: ತಪ್ಪು ಚಿನ್ನದ್ದೋ, ಪೆಟ್ಟಿಗೆಯದೋ?

ಪ್ರಶ್ನೆ: ನಮ್ಮದು ವಿರಾಜಪೇಟೆ ಕಡೆ, ತೋಟದೊಳಗಿನ ಮನೆ. ಬರುವ ಡಿಸೆಂಬರಿನಲ್ಲಿ ಮಗಳ ಮದುವೆ. ಅತ್ತೆಯವರಿಂದ ನನಗೆ ಬಂದ ಜೋಮಾಲೆ (ಚಿನ್ನದ ಗುಂಡುಗಳ ಸರ), ಕೊಕ್ಕೆತಾತಿ (ಮುತ್ತು, ಕೆಂಪು ಕಲ್ಲಿನ ಅರ್ಧಚಂದ್ರದ ಪದಕ), ಪತ್ತಾಕ್ (ಇನ್ನೊಂದು ಬಗೆಯ ಪದಕ), ಒಂದು ಜೊತೆ ಬೆಳ್ಳಿ ಕಡಗ ಇವನ್ನು ಅವಳಿಗೆ ಕೊಡಬೇಕೆಂದು ಮೇ ತಿಂಗಳಲ್ಲಿ ಬೀಟೆ ಮರದ ಪೆಟ್ಟಿಗೆ ಮಾಡಿಸಿದೆ. ಒಳಗೆ ಪೂರ್ತಿ ಕೆಂಪು ವೆಲ್ವೆಟ್. ಜೂನ್ ಮೊದಲ ವಾರ ಪಾಲಿಷ್ ಆಗಿ ಬಂತು. ಅಂದೇ ಒಡವೆಗಳನ್ನೂ ನಮ್ಮವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ ಪೀಚೆಕತ್ತಿಯನ್ನೂ ಜೋಡಿಸಿ ಬೀರುವಿನಲ್ಲಿಟ್ಟೆ. ಶೂ ಡಬ್ಬಿಯಲ್ಲಿ ಸಿಗುವ ಸಿಲಿಕಾ ಪೊಟ್ಟಣ ನಾಲ್ಕು, ಒಂದು ಹಿಡಿ ಕರಿಮೆಣಸು, ಕರ್ಪೂರ ಎಲ್ಲ ಹಾಕಿದ್ದೆ. ಅಕ್ಟೋಬರಿನಲ್ಲಿ ತುಲಾ ಸಂಕ್ರಮಣಕ್ಕೆಂದು ತೆಗೆಯಹೋದರೆ ಮುಚ್ಚಳವೇ ಏಳಲಿಲ್ಲ. ಬಡಗಿ ಬಂದು ತೆಗೆದಾಗ ಒಳಗಿಂದ ವಿನೆಗರಿನಂಥ ಹುಳಿ ವಾಸನೆ. ಕಡಗ ಕಪ್ಪಾಗಿತ್ತು, ಪತ್ತಾಕಿನ ಹಿಂಬದಿಯಲ್ಲಿ ಕಂದು ಚುಕ್ಕೆ, ಕೊಕ್ಕೆತಾತಿಯ ಮುತ್ತುಗಳು ಹೊಳಪು ಕಳೆದು ಬಿಳಿ ಪುಡಿ ಹಿಡಿದಂತಿವೆ, ಎರಡು ಮುತ್ತು ಕೆಂಪಗಾಗಿವೆ. ಜೋಮಾಲೆಯ ದಾರಕ್ಕೆ ಬೂಷ್ಟು. ಪೆಟ್ಟಿಗೆಯ ಹಿತ್ತಾಳೆ ಕೀಲಿಗೆ ಹಸಿರು ಕಿಲುಬು. ಪರಿಚಯದವರೊಬ್ಬರು ಚಿನ್ನವೇ ಕಲಬೆರಕೆ ಇರಬೇಕು ಎನ್ನುತ್ತಾರೆ. ಇನ್ನೊಬ್ಬರು ಬೀಟೆ ಬೇಡ, ತೇಗ ಅಥವಾ ಗಂಧದ ಪೆಟ್ಟಿಗೆ ಮಾಡಿಸಿ ಎನ್ನುತ್ತಾರೆ. ಇದೇ ಪೆಟ್ಟಿಗೆಯಲ್ಲಿಟ್ಟು ಮಗಳ ಕೈಗೆ ಕೊಡುವ ಆಸೆ ನನ್ನದು. ಆಗುತ್ತದೆಯೇ? ಮದುವೆಯ ನಂತರ ಅವಳು ಬೆಂಗಳೂರಿನಲ್ಲಿರುತ್ತಾಳೆ. ಅಥವಾ ಎಲ್ಲವನ್ನೂ ಬ್ಯಾಂಕ್ ಲಾಕರಿಗೆ ಹಾಕುವುದೇ ಒಳ್ಳೆಯದೇ?

ಉತ್ತರ: ಮೊದಲು ಚಿನ್ನದ ಮಾತು. ನೀವು ಬರೆದ ಲಕ್ಷಣಗಳಲ್ಲಿ ಕಲಬೆರಕೆ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ, ಅತ್ತೆಯವರ ಒಡವೆಯ ಮೇಲೆ ಆ ಅನುಮಾನ ಇಟ್ಟುಕೊಳ್ಳಬೇಡಿ. ಪೆಟ್ಟಿಗೆಯೊಳಗಿನ ಗಾಳಿ ಕೆಟ್ಟಿತ್ತು, ಅಷ್ಟೇ. ಮಗಳಿಗೆ ಇದೇ ಪೆಟ್ಟಿಗೆಯಲ್ಲಿಟ್ಟು ಕೊಡುವುದೂ ಸಾಧ್ಯ. ಆದರೆ ವರ್ಷವಿಡೀ ಒಡವೆ ಇಡುವ ಕೆಲಸವನ್ನು ಇದಕ್ಕೆ ಒಪ್ಪಿಸಬೇಡಿ. ಕೊಡಗಿನ ಮಳೆಯಲ್ಲಿ ಒಡವೆಯನ್ನು ಚೆಂದವಾಗಿ ತೋರಿಸುವುದು ಮತ್ತು ಕೆಡದಂತೆ ಕಾಯುವುದು ಎರಡು ಬೇರೆ ಕೆಲಸ. ಎರಡನ್ನೂ ಒಂದೇ ಮರದ ಪೆಟ್ಟಿಗೆಯಿಂದ ಮಾಡಿಸಹೊರಟಲ್ಲೇ ತೊಂದರೆ ಶುರುವಾಗುತ್ತದೆ.

22 ಕ್ಯಾರೆಟ್ ಅಂದರೆ 1000 ಪಾಲಿನಲ್ಲಿ 916 ಪಾಲು ಚಿನ್ನ, ಉಳಿದ 84 ಪಾಲು ಬೆಳ್ಳಿ ಮತ್ತು ತಾಮ್ರ. ಚಿನ್ನ ಏನೂ ಆಗದೆ ಉಳಿದರೂ ಮೇಲ್ಮೈಯಲ್ಲಿರುವ ಆ ಬೆಳ್ಳಿ ತಾಮ್ರಕ್ಕೆ ಗಂಧಕದ ಆವಿ ತಾಗಿದರೆ ತೆಳುವಾದ ಕಂದು ಛಾಯೆ ಮೂಡುತ್ತದೆ. ಬೆಸುಗೆ ಹಾಕಿದ ಜಾಗದಲ್ಲಿ ಇದು ಹೆಚ್ಚು, ಏಕೆಂದರೆ ಬೆಸುಗೆಯಲ್ಲಿ ಬೇರೆ ಲೋಹದ ಪಾಲು ಜಾಸ್ತಿ. ಪತ್ತಾಕಿನ ಹಿಂಬದಿಯಲ್ಲಿ ಬೆಸುಗೆಗಳು ಇರುವುದರಿಂದ ಚುಕ್ಕೆ ಅಲ್ಲೇ ಕಂಡಿತು. ಇನ್ನೊಂದು ಸಾಧ್ಯತೆಯೂ ಇದೆ: ಬೆಳ್ಳಿಯಲ್ಲಿ ಮಾಡಿ ಚಿನ್ನದ ನೀರು ಕೊಟ್ಟ ಪತ್ತಾಕ್, ಕೊಕ್ಕೆತಾತಿಗಳು ನಮ್ಮಲ್ಲಿ ಬಹಳ ಇವೆ. ಚಿನ್ನದ ಪದರದ ಸಣ್ಣ ರಂಧ್ರಗಳ ಮೂಲಕ ಒಳಗಿನ ಬೆಳ್ಳಿ ಕಪ್ಪಾಗಿ ಮೇಲೆ ಚುಕ್ಕೆಯಾಗಿ ಬರುತ್ತದೆ. ಹಾಗಿದ್ದರೆ ಅದು ಮೋಸವಲ್ಲ, ಒಡವೆ ಮಾಡಿದ ಬಗೆ. ತಿಳಿಯಲೇಬೇಕಿದ್ದರೆ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಎಕ್ಸ್‌ರೇ ಯಂತ್ರದಿಂದ ನೋಡಿಸಿ. ಆ ಯಂತ್ರ ಮೇಲಿನ ತೆಳು ಪದರವನ್ನಷ್ಟೇ ಓದುತ್ತದೆ, ಆದ್ದರಿಂದ ಸವೆದ ಅಂಚು, ಕೊಂಡಿಯ ಒಳಬದಿ ಹೀಗೆ ಎರಡು ಮೂರು ಕಡೆ ಓದಿಸಿ. ಕರಗಿಸಿ ನೋಡೋಣ ಎಂದರೆ ಒಪ್ಪಬೇಡಿ. ಹಳೆಯ ಒಡವೆಯಲ್ಲಿ ಹಾಲ್‌ಮಾರ್ಕ್ ಇಲ್ಲದಿರುವುದು ಸಹಜ. ಒಡವೆ ಮಾರಾಟಕ್ಕೆ ಅದು ಕಡ್ಡಾಯವಾದದ್ದೇ 2021ರ ಜೂನ್‌ನಿಂದ, ಅದೂ ಹಂತ ಹಂತವಾಗಿ.

ಆ ಹುಳಿ ವಾಸನೆ

ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದ ಮಾತು ವಿನೆಗರಿನ ವಾಸನೆ. ವಿನೆಗರ್ ಅಂದರೆ ಅಸಿಟಿಕ್ ಆಮ್ಲ. ಎಲ್ಲ ಮರವೂ ಸ್ವಲ್ಪ ಸ್ವಲ್ಪವಾಗಿ ಈ ಆಮ್ಲದ ಆವಿಯನ್ನು ಬಿಡುತ್ತದೆ. ಹೊಸ ಮರ ಹೆಚ್ಚು, ತೇವವಿದ್ದ ಮರ ಇನ್ನೂ ಹೆಚ್ಚು. ವೆಲ್ವೆಟ್ ಅಂಟಿಸಲು ಬಳಸುವ ಬಿಳಿ ಗೋಂದು ಒಣಗುವಾಗಲೂ ಒಣಗಿದ ಮೇಲೂ ಇದೇ ಆಮ್ಲವನ್ನು ಬಿಡುತ್ತದೆ. ಹಸಿ ಪಾಲಿಷ್‌ನ ಆವಿ ಬೇರೆ. ತೆರೆದ ಕೋಣೆಯಲ್ಲಿ ಇದರಿಂದ ಏನೂ ಆಗದು. ಒಂದಡಿ ಅಗಲದ ಮುಚ್ಚಿದ ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳು ಸೇರುತ್ತಾ ಹೋದರೆ ಆಗುತ್ತದೆ.

ಮುತ್ತು ಮತ್ತು ಹವಳ ಮೂಲತಃ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಜಾತಿ. ಆಮ್ಲದ ಆವಿಗೆ ಅವೇ ಮೊದಲು ಸೋಲುವುದು. ಮೇಲ್ಮೈ ಕರಗಿ, ಆಮ್ಲದೊಂದಿಗೆ ಸೇರಿ ಆದ ಉಪ್ಪು ಬಿಳಿ ಪುಡಿಯಾಗಿ ಹೊರಗೆ ಕೂರುತ್ತದೆ. ನೀವು ಕಂಡದ್ದು ಬೂಷ್ಟಲ್ಲ, ಅದೇ ಪುಡಿ ಇರಬೇಕು. ವಸ್ತುಸಂಗ್ರಹಾಲಯಗಳಲ್ಲಿ ಮರದ ಡ್ರಾಯರಿನಲ್ಲಿಟ್ಟ ಕಪ್ಪೆಚಿಪ್ಪುಗಳಿಗೆ ಆಗುವ ಹಾನಿಯೂ ಇದೇ. ಹಿತ್ತಾಳೆ ಕೀಲಿನ ಹಸಿರು ಕಿಲುಬಿಗೂ ಈ ಆಮ್ಲ ಮತ್ತು ತೇವವೇ ಕಾರಣ.

ಬೆಳ್ಳಿಯ ಕಪ್ಪು ಬೇರೆ ದಾರಿಯಿಂದ ಬರುತ್ತದೆ. ಅದು ಬೆಳ್ಳಿ ಮತ್ತು ಗಂಧಕ ಸೇರಿ ಆಗುವ ಪದರ. ಗಂಧಕ ಎಲ್ಲಿಂದ ಅಂದರೆ ವೆಲ್ವೆಟ್ಟಿನ ಕೆಲವು ಬಣ್ಣಗಳಿಂದ, ಉಣ್ಣೆಯ ಫೆಲ್ಟಿನಿಂದ, ರಬ್ಬರಿನಿಂದ, ಅಡುಗೆಮನೆಯ ಹೊಗೆಯಿಂದ. ಕಡಗಕ್ಕೆ ರಬ್ಬರ್ ಬ್ಯಾಂಡ್ ಸುತ್ತಿಟ್ಟರೆ ಅಷ್ಟಗಲ ಕರಿ ಪಟ್ಟಿ ಬೀಳುವುದನ್ನು ನೋಡಿರಬಹುದು. ಗಾಳಿಯ ತೇವ ಹೆಚ್ಚಿದಷ್ಟೂ ಇದರ ವೇಗ ಹೆಚ್ಚು. ಬೆಳ್ಳಿ ಕಪ್ಪಾದರೆ ಮನೆಗೆ ದೃಷ್ಟಿ ತಾಗಿದೆ, ತೊಟ್ಟವರ ಆರೋಗ್ಯ ಸರಿಯಿಲ್ಲ ಎಂಬ ಮಾತುಗಳನ್ನು ಮದುವೆ ಮನೆಯಲ್ಲಿ ಕಿವಿಗೆ ಹಾಕಿಕೊಳ್ಳಬೇಡಿ.

ಬೀಟೆಯೇ ತಪ್ಪೇ? ಪೂರ್ತಿ ಅಲ್ಲ. ತೇಗವೂ ಆಮ್ಲ ಬಿಡುವ ಮರವೇ. ಗಂಧದಲ್ಲಿ ಎಣ್ಣೆಯ ಅಂಶವಿದ್ದು ಅದರ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಒಡವೆಯ ಮೇಲೆ ಕೂರುತ್ತದೆ. ಅದರ ಪರಿಮಳಕ್ಕೆ ಬೆಲೆ ಕೊಡಿ, ಒಡವೆ ಕಾಯುವ ಗುಣಕ್ಕಲ್ಲ. ಅಗ್ಗದ ಪೆಟ್ಟಿಗೆಗಳಲ್ಲಿ ಬಳಸುವ ಎಂಡಿಎಫ್ ಮತ್ತು ಪ್ಲೈವುಡ್ ಇವೆಲ್ಲಕ್ಕಿಂತ ಕಡೆ, ಅವುಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ವರ್ಷಗಟ್ಟಲೆ ಹೊರಬರುತ್ತದೆ. ಹಾಗಾಗಿ ಮರ ಬದಲಿಸಿದರೆ ಸಾಕು ಎಂಬ ಸಲಹೆಯನ್ನು ಬಿಡಿ. ನಿಮ್ಮ ಬೀಟೆ ಪೆಟ್ಟಿಗೆ ಗಟ್ಟಿಯಾಗಿದೆ, ಅದನ್ನೇ ಸರಿಪಡಿಸೋಣ.

ಪೊಟ್ಟಣ ಏಕೆ ಕೆಲಸ ಮಾಡಲಿಲ್ಲ

ಇದಕ್ಕೆ ಸ್ವಲ್ಪ ಲೆಕ್ಕ ಬೇಕು. ಎಲ್ಲರೂ ಮಾಡುವ ತಪ್ಪು ಇಲ್ಲೇ ಇರುವುದರಿಂದ ಬಿಡಿಸಿಯೇ ಹೇಳುತ್ತೇನೆ.

25 ಡಿಗ್ರಿ ಶಾಖದಲ್ಲಿ ಒಂದು ಘನಮೀಟರ್ ಗಾಳಿ ಹಿಡಿಯಬಲ್ಲ ನೀರಿನ ಆವಿ ಸುಮಾರು 23 ಗ್ರಾಂ. ಹತ್ತು ಲೀಟರ್ ಹಿಡಿಸುವ ಪೆಟ್ಟಿಗೆಯ ಗಾಳಿಯಲ್ಲಿ ಹಾಗಾದರೆ ಕಾಲು ಗ್ರಾಂ ನೀರೂ ಇಲ್ಲ. ಅಷ್ಟನ್ನು ಒಂದೇ ಸಿಲಿಕಾ ಪೊಟ್ಟಣ ಹೀರುತ್ತದೆ. ಆದರೆ ನೀರು ಇರುವುದು ಗಾಳಿಯಲ್ಲಲ್ಲ, ಮರದಲ್ಲಿ. ಒಂದೂವರೆ ಕಿಲೋ ಮರ ಶೇ. 18ರಷ್ಟು ತೇವದಿಂದ ಶೇ. 12ಕ್ಕೆ ಇಳಿಯಬೇಕಾದರೆ 90 ಗ್ರಾಂ ನೀರು ಬಿಡಬೇಕು. ಐದು ಗ್ರಾಂ ಪೊಟ್ಟಣವೊಂದು ಹೀರುವುದು ಹೆಚ್ಚೆಂದರೆ ಒಂದೂವರೆ ಎರಡು ಗ್ರಾಂ. ನಾಲ್ಕು ಪೊಟ್ಟಣ ಮೊದಲ ಒಂದೆರಡು ದಿನದಲ್ಲೇ ತುಂಬಿಹೋಗಿರುತ್ತವೆ. ಶೂ ಡಬ್ಬಿಯಿಂದ ತೆಗೆದವಾದರೆ ಅವು ಬರುವಾಗಲೇ ತುಂಬಿದ್ದವು. ಮೇಲಾಗಿ ಮುಚ್ಚಳದ ಸಂದಿಯಿಂದ ಹೊರಗಿನ ಗಾಳಿ ದಿನವೂ ಒಳಗೆ ಬರುತ್ತದೆ. ಜುಲೈಯಲ್ಲಿ ಆ ಗಾಳಿಯ ತೇವ ಶೇ. 90 ದಾಟಿರುತ್ತದೆ. ಕಕ್ಕಡದಲ್ಲಿ (ಜುಲೈ–ಆಗಸ್ಟಿನ ಕೊಡವ ತಿಂಗಳು) ಶುಭಕಾರ್ಯ ಇಲ್ಲದ್ದರಿಂದ ವರ್ಷದ ಅತಿ ತೇವದ ದಿನಗಳಲ್ಲೇ ಪೆಟ್ಟಿಗೆಯನ್ನು ಯಾರೂ ತೆರೆಯುವುದೂ ಇಲ್ಲ.

ಕರಿಮೆಣಸು ಹುಳ ಓಡಿಸಬಹುದು, ತೇವ ಹೀರದು. ಚೆನ್ನಾಗಿ ಒಣಗಿಸಿದ ಮೆಣಸಿನಲ್ಲೇ ಶೇ. 11–12ರಷ್ಟು ನೀರಿರುತ್ತದೆ. ಅಕ್ಕಿಯೂ ಅಷ್ಟೇ, ಜೊತೆಗೆ ಅದರ ಹಿಟ್ಟು ಕಲ್ಲುಗಳ ಸಂದಿಗೆ ಸೇರುತ್ತದೆ. ಬೋರ್ಡಿನ ಸೀಮೆಸುಣ್ಣ ಇಂದು ಹೆಚ್ಚಾಗಿ ಜಿಪ್ಸಂ, ಹೀರುವುದು ತೀರಾ ಕಡಿಮೆ. ಕರ್ಪೂರ ಮತ್ತು ನುಸಿಗುಳಿಗೆಯನ್ನಂತೂ ಒಡವೆ ಪೆಟ್ಟಿಗೆಗೆ ಹಾಕಲೇಬೇಡಿ. ಅವು ಆವಿಯಾಗಿ ಒಡವೆಯ ಮೇಲೆ ಮತ್ತೆ ಹರಳುಗಟ್ಟುತ್ತವೆ, ರಾಳ ಮತ್ತು ಪ್ಲಾಸ್ಟಿಕ್ಕನ್ನು ಮೆದುಗೊಳಿಸುತ್ತವೆ. ಜೋಮಾಲೆಯ ಗುಂಡುಗಳೊಳಗೆ ತುಂಬಿರುವ ಅರಗು ರಾಳವೇ ತಾನೆ?

ಬೀರುವಿನಲ್ಲಿ 15 ವಾಟಿನ ಬಲ್ಬು ಉರಿಸಿಡುವ ಪದ್ಧತಿ ನಮ್ಮ ಕಡೆ ಇದೆ. ಅದರಲ್ಲಿ ಹುರುಳಿದೆ: 20 ಡಿಗ್ರಿಯಲ್ಲಿ ಶೇ. 90 ತೇವವಿರುವ ಗಾಳಿಯನ್ನು 25 ಡಿಗ್ರಿಗೆ ಬಿಸಿ ಮಾಡಿದರೆ ತೇವದ ಪ್ರಮಾಣ ಶೇ. 66ರ ಆಸುಪಾಸಿಗೆ ಇಳಿಯುತ್ತದೆ. ಬಟ್ಟೆಗೆ ಇದು ಸರಿ. ಒಡವೆಗೆ ನಾನು ಹೇಳುವುದಿಲ್ಲ, ಯಾಕೆಂದರೆ ಮಳೆಗಾಲದಲ್ಲಿ ರಾತ್ರಿ ಕರೆಂಟು ಹೋದರೆ ಬೀರು ತಣಿದು ಲೋಹದ ಮೇಲೆ ನೀರು ಕಟ್ಟುತ್ತದೆ. ಬೆಂಕಿಯ ಅಪಾಯ ಬೇರೆ.

ಈಗಲೇ ಮಾಡಬೇಕಾದ್ದು

ಒಡವೆಗಳನ್ನೆಲ್ಲ ಹೊರತೆಗೆದು, ಒಂದೊಂದರ ಎರಡೂ ಬದಿಯ ಫೋಟೊ ತೆಗೆದಿಡಿ. ಒಗೆದ ಬಿಳಿ ಹತ್ತಿ ಬಟ್ಟೆಯ ಮೇಲೆ, ಗಾಳಿಯಾಡುವ ಕೋಣೆಯಲ್ಲಿ, ಬಿಸಿಲು ಬೀಳದಂತೆ ಎರಡು ದಿನ ಹರಡಿ.

ಜೋಮಾಲೆಯ ವಿಷಯದಲ್ಲಿ ಬಹಳ ಜಾಗ್ರತೆ ಬೇಕು. ತೆಳು ಚಿನ್ನದ ತಗಡಿನ ಟೊಳ್ಳು ಗುಂಡುಗಳು ಆಕಾರ ಉಳಿಸಿಕೊಂಡಿರುವುದು ಒಳಗಿನ ಅರಗಿನಿಂದ. ಅರಗು 65–75 ಡಿಗ್ರಿಯಲ್ಲಿ ಮೆದುವಾಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಆದ್ದರಿಂದ ಬಿಸಿನೀರು, ಹೇರ್ ಡ್ರೈಯರ್, ಮಧ್ಯಾಹ್ನದ ಬಿಸಿಲು, ಸ್ಯಾನಿಟೈಸರ್, ಸೆಂಟು, ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರ ಯಾವುದೂ ಕೂಡದು. ಬೂಷ್ಟು ಹಿಡಿದ ಕರಿ ದಾರವನ್ನು ಉಳಿಸಲು ನೋಡಬೇಡಿ. ಹತ್ತಿ ದಾರ ಒಮ್ಮೆ ಬೂಷ್ಟು ಹಿಡಿದರೆ ಒಳಗೇ ಜೀರ್ಣವಾಗಿರುತ್ತದೆ, ಮದುವೆಯ ದಿನ ಕಡಿದರೆ ಕಷ್ಟ. ಈ ಕೆಲಸ ಬಲ್ಲ ಅಕ್ಕಸಾಲಿಗರಲ್ಲಿ ಹೊಸ ದಾರಕ್ಕೆ ಕಟ್ಟಿಸಿ. ಬಿಚ್ಚುವ ಮೊದಲು ಗುಂಡುಗಳನ್ನು ಎಣಿಸಿ ಬರೆದಿಡಿ. ಬಿಚ್ಚಿದಾಗ ಗುಂಡಿನ ತೂತಿನಿಂದ ಕಂದು ಪುಡಿ ಉದುರಿದರೆ ಅರಗು ಒಣಗಿ ಒಡೆದಿದೆ ಎಂದರ್ಥ. ಅಂಥ ಗುಂಡನ್ನು ಬೆರಳಿನಲ್ಲಿ ಒತ್ತದೆ ಬೇರೆ ಇಟ್ಟು, ಅರಗು ತುಂಬಿಸಿದ ಮೇಲೆಯೇ ಪೋಣಿಸಬೇಕು.

ಮುತ್ತುಗಳ ಬಿಳಿ ಪುಡಿಯನ್ನು ಮೆದು ಕುಂಚದಿಂದ ತೆಗೆಯಿರಿ. ಆಮೇಲೆ ಶುದ್ಧ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮಲ್ ಬಟ್ಟೆಯಿಂದ ಒಂದೊಂದೇ ಮುತ್ತನ್ನು ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಒರೆಸಿ. ಕೊಕ್ಕೆತಾತಿಯನ್ನು ನೀರಿಗೆ ಅದ್ದಬಾರದು, ಹಳೆಯ ಕೆಲಸದಲ್ಲಿ ಕೆಂಪು ಕಲ್ಲುಗಳ ಹಿಂಬದಿ ಮುಚ್ಚಿರುತ್ತದೆ, ಅಲ್ಲಿಗೆ ನೀರು ಹೋದರೆ ಹೊರಗೆ ಬರುವುದಿಲ್ಲ, ಕಲ್ಲು ಮಂಕಾಗುತ್ತದೆ. ಕಳೆದ ಹೊಳಪು ಪೂರ್ತಿ ಮರಳುವುದಿಲ್ಲ, ಇದನ್ನು ಈಗಲೇ ಹೇಳುವುದು ಒಳ್ಳೆಯದು. ಕೆಂಪಗಾದ ಎರಡು ಮುತ್ತಿಗೆ ನಿಂಬೆ, ಬ್ಲೀಚು ಮುಟ್ಟಿಸಬೇಡಿ, ಉಳಿದದ್ದೂ ಹೋಗುತ್ತದೆ. ವೆಲ್ವೆಟ್ಟಿನ ಬಣ್ಣ ಒಳಗಿಳಿದಿದ್ದರೆ ಅದೇ ಅಳತೆಯ ಹಳೆಯ ಮುತ್ತು ಹುಡುಕಿ ಬದಲಿಸಬಹುದು. ನಾನಾಗಿದ್ದರೆ ಹಾಗೇ ಬಿಡುತ್ತಿದ್ದೆ, ಅವು ಆ ಒಡವೆಯ ಮೂಲ ಮುತ್ತುಗಳು.

ಕಡಗದಲ್ಲಿ ಕಲ್ಲು, ಅರಗು, ಚಿನ್ನದ ನೀರು ಏನೂ ಇಲ್ಲದಿದ್ದರೆ ಮಾತ್ರ ಸುಲಭ ದಾರಿ ಇದೆ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಕರಗಿಸಿ, ಕಡಗ ಹಾಳೆಗೆ ತಾಗುವಂತೆ ಐದು ನಿಮಿಷ ಇಡಿ. ಕಪ್ಪು ತಾನಾಗಿ ಬಿಡುತ್ತದೆ. ಆದರೆ ಕೆತ್ತನೆಯ ಗೆರೆಗಳಲ್ಲಿ ಬೇಕೆಂದೇ ಉಳಿಸಿದ ಹಳೆಯ ಕಪ್ಪೂ ಹೋಗಿ ಕೆಲಸ ಬೋಳಾಗಿ ಕಾಣುತ್ತದೆ. ಕೆತ್ತನೆ ಇದ್ದರೆ ಬೆಳ್ಳಿ ಒರೆಸುವ ಬಟ್ಟೆಯಿಂದ ಉಬ್ಬಿದ ಭಾಗವನ್ನಷ್ಟೇ ತಿಕ್ಕಿ. ವಿಭೂತಿ, ಟೂತ್‌ಪೇಸ್ಟ್ ಎರಡೂ ಗೀರು ಹಾಕುತ್ತವೆ. ಚಿನ್ನದ ನೀರು ಕೊಟ್ಟದ್ದಾದರೆ ಆ ಪದರವನ್ನೇ ಸವೆಸುತ್ತವೆ.

ಪೀಚೆಕತ್ತಿ ಇನ್ನು ಈ ಪೆಟ್ಟಿಗೆಗೆ ಬರಬಾರದು. ಅದರ ಅಲಗು ಉಕ್ಕು, ಎಣ್ಣೆ ಬೇಕು. ಆ ಎಣ್ಣೆ ಮುತ್ತಿಗೂ ದಾರಕ್ಕೂ ಆಗದು. ಒರೆಯೊಳಗಿನ ಮರ ತೇವ ಹಿಡಿದಿಡುವುದರಿಂದ ಮಳೆಗಾಲದಲ್ಲಿ ಅಲಗನ್ನು ಒರೆಯಿಂದ ತೆಗೆದು, ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿ, ಬೇರೆ ಬಟ್ಟೆಯಲ್ಲಿ ಸುತ್ತಿಡಿ. ಕೈಲ್‌ಪೋದಿಗೆ (ಸೆಪ್ಟೆಂಬರಿನಲ್ಲಿ ಬರುವ ನಮ್ಮ ಆಯುಧಪೂಜೆಯ ಹಬ್ಬ) ಒರೆಸಿ ಪೂಜೆಗಿಟ್ಟು, ಮತ್ತೆ ಎಣ್ಣೆ ಸವರಿದರೆ ಮಳೆ ಮುಗಿಯುವವರೆಗೆ ಚಿಂತೆಯಿಲ್ಲ.

ಪೆಟ್ಟಿಗೆಯನ್ನು ಡಿಸೆಂಬರಿಗೆ ಸಿದ್ಧ ಮಾಡುವುದು

ವೆಲ್ವೆಟ್ಟನ್ನು ಪೂರ್ತಿ ಕಿತ್ತು ಹಾಕಿಸಿ. ಕೆಳಗಿನ ಸ್ಪಂಜನ್ನೂ ಬಿಡಬೇಡಿ, ಅಂಥ ಫೋಮ್ ತೇವದಲ್ಲಿ ಕೆಲವೇ ವರ್ಷಕ್ಕೆ ಅಂಟಂಟಾಗಿ ಪುಡಿಯಾಗುತ್ತದೆ. ಉಳಿದ ಗೋಂದನ್ನು ಬಡಗಿ ಒಣ ಉಳಿಯಿಂದ ಕೆರೆದು, ಮರಳು ಕಾಗದದಿಂದ ತಿಕ್ಕಲಿ. ಥಿನ್ನರ್ ಬಳಸಿದರೆ ಗೋಂದು ಮರದೊಳಕ್ಕೆ ಇಳಿಯುತ್ತದೆ. ಒಳಗಿನ ಬೂಷ್ಟಿಗೆ ಸ್ಪಿರಿಟ್ ಹಚ್ಚುವುದಾದರೆ ಪಾಲಿಷ್ ಇಲ್ಲದ ಮೈಗೆ ಮಾತ್ರ, ಹೊರಗಿನ ಫ್ರೆಂಚ್ ಪಾಲಿಷ್ ಸ್ಪಿರಿಟ್ಟಿಗೆ ಕರಗಿ ಕಲೆಯಾಗುತ್ತದೆ.

ಆಮೇಲೆ ಮುಚ್ಚಳ ತೆರೆದಿಟ್ಟು, ಮಹಡಿಯ ಒಣ ಕೋಣೆಯಲ್ಲಿ ಫ್ಯಾನಿನ ಗಾಳಿಗೆ ಐದಾರು ವಾರ ಬಿಡಿ. ಅಕ್ಟೋಬರ್ ಕೊನೆಯಿಂದ ಹವೆ ಒಣಗತೊಡಗುವುದರಿಂದ ನಿಮ್ಮ ಕೈಯಲ್ಲಿ ಸಮಯವಿದೆ. ಅವಸರಕ್ಕೆ ಬಿಸಿಲಿಗೆ ಇಡಬೇಡಿ, ಹಲಗೆ ಡೊಂಕಾಗುತ್ತದೆ. ಬಡಗಿಗಳ ಬಳಿ ಚುಚ್ಚಿ ಓದುವ ತೇವಮಾಪಕ ಇದ್ದರೆ ಶೇ. 12ಕ್ಕೆ ಇಳಿಯುವವರೆಗೆ ಕಾಯಿರಿ. ಇಲ್ಲದಿದ್ದರೆ ಮೂಗೇ ಸಾಕು: ಒಂದು ವಾರ ಮುಚ್ಚಿಟ್ಟು ತೆರೆಯಿರಿ, ಹುಳಿ ವಾಸನೆ ಬಂದರೆ ಇನ್ನೂ ಆಗಿಲ್ಲ.

ಮುಚ್ಚಳ ಬಿಗಿಯಾದದ್ದು ಮರ ಉಬ್ಬಿ. 20 ಸೆಂ.ಮೀ. ಅಗಲದ ಬೀಟೆ ಹಲಗೆಯ ತೇವ ಶೇ. 12ರಿಂದ 18ಕ್ಕೆ ಏರಿದರೆ ಅಡ್ಡಕ್ಕೆ 2 ಮಿ.ಮೀ.ಗಿಂತಲೂ ಹೆಚ್ಚು ಬೆಳೆಯಬಹುದು, ಉದ್ದಕ್ಕೆ ಬೆಳೆಯುವುದು ಲೆಕ್ಕಕ್ಕಿಲ್ಲ. ಉಬ್ಬಿದಾಗಲೇ ರಂದಾ ಹೊಡೆದು ಬಿಗಿತ ಬಿಡಿಸಿದರೆ ಬೇಸಿಗೆಯಲ್ಲಿ ಸಂದಿ ಬಾಯಿ ಬಿಡುತ್ತದೆ. ಒಣಗಿದ ಮೇಲೆ ಸುತ್ತಲೂ ಒಂದು ಮಿ.ಮೀ. ಸಡಿಲ ಇರುವಂತೆ ಮಾಡಿಸಿ. ತಳದ ಹಲಗೆಯನ್ನು ಅಂಟು, ಮೊಳೆಯಿಂದ ಬಿಗಿದಿದ್ದರೆ ಬಿಡಿಸಿ, ನಾಲ್ಕು ಬದಿಯಲ್ಲಿ ಕೊರೆದ ಸಣ್ಣ ಕಾಲುವೆಯಲ್ಲಿ 2–3 ಮಿ.ಮೀ. ಆಡುವಂತೆ ಸುಮ್ಮನೆ ಕೂರಿಸಲು ಹೇಳಿ. ಬೆಂಗಳೂರಿಗೆ ಹೋಗುವ ಪೆಟ್ಟಿಗೆಗೆ ಇದು ತೀರಾ ಅಗತ್ಯ. ಅಲ್ಲಿನ ಮಾರ್ಚ್ ಹಗಲಿನ ಒಣ ಹವೆಗೆ ಹಲಗೆ ಕುಗ್ಗಿದಾಗ ಬಿಗಿದ ತಳ ಸೀಳುತ್ತದೆ.

ಒಳಗೋಡೆ ಮತ್ತು ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಟೇಪನ್ನು ಅಂಚಿನ ಮೇಲೆ ಅಂಚು 5 ಮಿ.ಮೀ. ಹತ್ತುವಂತೆ ಅಂಟಿಸಿ. ಮರದ ಆವಿ ಒಳಗೆ ಬರದಂತೆ ತಡೆಯುವುದು ಇದೇ ಪದರ. ಇದರೊಳಗೆ ಎತ್ತಿ ತೆಗೆಯಬಹುದಾದ ತಟ್ಟೆಯೊಂದನ್ನು ಕೂರಿಸಿ: ಟಿವಿ, ಮೊಬೈಲ್ ಡಬ್ಬಿಗಳಲ್ಲಿ ಬರುವಂಥ ಬಿಳಿ ಇಪಿಇ ಫೋಮಿನ 10 ಮಿ.ಮೀ. ಹಾಳೆಗಳನ್ನು ಎರಡು ಮೂರು ಪದರ ಜೋಡಿಸಿ, ಒಡವೆಯ ಆಕಾರಕ್ಕೆ ಗುಳಿ ಕತ್ತರಿಸಿದ ತಟ್ಟೆ. ಗಂಜಿ ಹಾಕದ ಹತ್ತಿ ಬಟ್ಟೆಯನ್ನು ಎರಡು ಸಲ ಒಗೆದು, ಕಂಫರ್ಟಿನಂಥ ದ್ರವ ಹಾಕದೆ ಒಣಗಿಸಿ, ಈ ಫೋಮಿಗೆ ಸುತ್ತಿ ಹಿಂಬದಿಯಲ್ಲಿ ಹೊಲಿಯಿರಿ. ಗೋಂದು ಎಲ್ಲೂ ಬೇಡ. ಮದುವೆ ಪೆಟ್ಟಿಗೆಗೆ ಕೆಂಪು ಬೇಕೆನ್ನುವುದು ಸಹಜವೇ. ಒಡವೆ ತಾಗುವ ಕಡೆ ಕೆನೆ ಬಣ್ಣ ಇಟ್ಟು, ಮುಚ್ಚಳದ ಒಳಮೈಗೆ ಮಾತ್ರ ಕೆಂಪು ಕೊಡಿ. ಮುತ್ತು ಮತ್ತು ಕೆಂಪು ಕಲ್ಲು ಕೆನೆ ಬಟ್ಟೆಯ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತವೆ. ಕೆಂಪು ಬಟ್ಟೆ ಕೊಳ್ಳುವ ಮೊದಲು ಒಂದು ತುಂಡನ್ನು ಒದ್ದೆ ಬಿಳಿ ಬಟ್ಟೆಯೊಂದಿಗೆ ಮಡಚಿ ಭಾರದಡಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಬಣ್ಣ ಹತ್ತಿದ್ದರೆ ಆ ಬಟ್ಟೆ ಬೇಡ. ಅಂಗಡಿಯವರು ಒಡವೆ ಸುತ್ತಿಕೊಡುವ ಗುಲಾಬಿ ಕಾಗದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಗುಳಿಗಳು ಬೇರೆ ಬೇರೆ ಇರಲಿ. ಮಾಣಿಕ್ಯದ ಗಟ್ಟಿತನ 9, ಮುತ್ತಿನದು 2.5ರಿಂದ 4.5. ಪೆಟ್ಟಿಗೆ ಕಾರಿನಲ್ಲಿ ಕುಲುಕಿದರೆ ಗೀರು ಬೀಳುವುದು ಮುತ್ತಿಗೆ. ಜೋಮಾಲೆಯನ್ನು ಕೊಕ್ಕೆಗೆ ತೂಗುಹಾಕುವ ಪೆಟ್ಟಿಗೆಗಳು ನೋಡಲು ಚೆಂದ, ಆದರೆ ಪೂರ್ತಿ ತೂಕ ದಾರದ ಒಂದೇ ಜಾಗಕ್ಕೆ ಬೀಳುತ್ತದೆ. ಅದನ್ನು ಅಗಲವಾದ ವೃತ್ತವಾಗಿ ಮಲಗಿಸಿಡಬೇಕು.

ಬಟ್ಟೆ, ಫೋಮ್, ಟೇಪು ಇವು ಒಡವೆಗೆ ಸರಿಹೋಗುತ್ತವೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ರೂಪಿಸಿದ ಪರೀಕ್ಷೆಯಲ್ಲಿ ವಸ್ತುವಿನ ತುಣುಕನ್ನು ಲೋಹದ ಚೂರುಗಳ ಜೊತೆ ತೇವದ ಗಾಳಿಯಲ್ಲಿ 60 ಡಿಗ್ರಿಯಲ್ಲಿ 28 ದಿನ ಮುಚ್ಚಿಡುತ್ತಾರೆ. ಮನೆಯಲ್ಲಿ ಹೀಗೆ ಮಾಡಿ: ಎರಡು ಗಾಜಿನ ಉಪ್ಪಿನಕಾಯಿ ಬಾಟಲಿ ಚೆನ್ನಾಗಿ ತೊಳೆದು ಒಣಗಿಸಿ. ಎರಡಕ್ಕೂ ಹೊಳಪು ಕೊಟ್ಟ ಬೆಳ್ಳಿಯ ಚೂರು, ಸಿಪ್ಪೆ ಸುಲಿದ ತಾಮ್ರದ ತಂತಿಯ ತುಂಡು, ಒದ್ದೆ ಹತ್ತಿಯಿಟ್ಟ ಸಣ್ಣ ಮುಚ್ಚಳ ಹಾಕಿ. ಒಂದಕ್ಕೆ ಮಾತ್ರ ಬಟ್ಟೆಯ ತುಂಡು ಸೇರಿಸಿ. ಲೋಹಗಳು ಒಂದನ್ನೊಂದು ತಾಗಬಾರದು. ಬಾಯಿ ಬಿಗಿದು ಫ್ರಿಜ್ಜಿನ ಹಿಂದಿನಂಥ ಬೆಚ್ಚಗಿನ ಜಾಗದಲ್ಲಿ ನಾಲ್ಕು ವಾರ ಇಡಿ. ಬಟ್ಟೆಯಿದ್ದ ಬಾಟಲಿಯ ಲೋಹ ಇನ್ನೊಂದಕ್ಕಿಂತ ಹೆಚ್ಚು ಕಪ್ಪಾದರೆ ಆ ಬಟ್ಟೆಯನ್ನು ಬಿಡಿ. ಇಂದೇ ಶುರು ಮಾಡಿದರೆ ನವೆಂಬರ್ ಮಧ್ಯಕ್ಕೆ ಉತ್ತರ ಸಿಗುತ್ತದೆ.

ಹೀಗೆ ಸಿದ್ಧವಾದ ಪೆಟ್ಟಿಗೆಯಲ್ಲೂ ಒಡವೆ ಇರಬೇಕಾದ್ದು ಮದುವೆಯ ನಾಲ್ಕಾರು ದಿನ ಮಾತ್ರ.

ಉಳಿದ ದಿನಗಳಿಗೆ

ಮುಚ್ಚಳಕ್ಕೆ ಸಿಲಿಕೋನ್ ವಾಷರ್ ಇರುವ, ನಾಲ್ಕು ಬದಿ ಲಾಕ್ ಆಗುವ ಐದು ಲೀಟರಿನ ಅಡುಗೆಮನೆ ಪ್ಲಾಸ್ಟಿಕ್ ಡಬ್ಬಿ ಕೊಳ್ಳಿ. ತಳದಲ್ಲಿ 'ಪಿಪಿ' ಎಂದೋ 5 ಎಂಬ ಅಂಕಿಯೋ ಇರಲಿ. ಪಿವಿಸಿ ಕವರು, ಪಿವಿಸಿ ಪೌಚು ಬೇಡ, ಅವು ಅಂಟುತ್ತವೆ, ಲೋಹ ಕೆಡಿಸುತ್ತವೆ. ಮೇಲೆ ಹೇಳಿದ ತಟ್ಟೆಯನ್ನು ಈ ಡಬ್ಬಿಗೂ ಹೊಂದುವ ಅಳತೆಗೆ ಮಾಡಿಸಿದರೆ ಪೆಟ್ಟಿಗೆಯಿಂದ ಡಬ್ಬಿಗೆ ಒಂದೇ ಸಲಕ್ಕೆ ಎತ್ತಿಡಬಹುದು. ಡಬ್ಬಿ ಚೆಂದವಿಲ್ಲ ಎನಿಸಿದರೆ ಡಬ್ಬಿಯನ್ನೇ ಬೀಟೆ ಪೆಟ್ಟಿಗೆಯೊಳಗೆ ಇಡಿ.

ಜೊತೆಗೆ ಒಂದು ಸಣ್ಣ ಡಿಜಿಟಲ್ ತೇವಮಾಪಕ. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಆದರೆ ಅಗ್ಗದವು ಐದು ಹತ್ತು ಅಂಕ ತಪ್ಪು ತೋರಿಸುತ್ತವೆ. ಪರೀಕ್ಷಿಸಲು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಸರಿನಂತಾಗುವಷ್ಟು ನೀರಿನ ಹನಿ ಹಾಕಿ, ಮಾಪಕದ ಜೊತೆ ಜಿಪ್ ಕವರಿನಲ್ಲಿ 12 ಗಂಟೆ ಮುಚ್ಚಿಡಿ. ಒಳಗಿನ ತೇವ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ 70 ತೋರಿಸಿದರೆ ಮುಂದೆ ಪ್ರತಿ ಓದಿಗೂ 5 ಸೇರಿಸಿ.

ಬಣ್ಣ ಬದಲಿಸುವ ಕಿತ್ತಳೆ ಸಿಲಿಕಾ ಜೆಲ್ ತನ್ನಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಐದು ಲೀಟರ್ ಡಬ್ಬಿಗೆ 20 ಗ್ರಾಂ ಹಾಕಿ ಮರುದಿನ ಮಾಪಕ ನೋಡಿ. ನಮಗೆ ಬೇಕಾದ್ದು ಶೇ. 45ರಿಂದ 55. ಕೊಕ್ಕೆತಾತಿಯಲ್ಲಿ ಚಿನ್ನ, ಮುತ್ತು ಒಟ್ಟಿಗೇ ಇರುವುದರಿಂದ ಈ ನಡುವಿನ ಅಳತೆ. ಬರೀ ಬೆಳ್ಳಿಯಾದರೆ ಇನ್ನೂ ಒಣಗಿಸಬಹುದಿತ್ತು, ಮುತ್ತು ತೀರಾ ಒಣಗಿದರೆ ಬಿರುಕು ಬಿಡುತ್ತದೆ. 40ಕ್ಕಿಂತ ಕೆಳಗಿಳಿದರೆ ಅರ್ಧ ಜೆಲ್ ತೆಗೆಯಿರಿ, 55 ದಾಟಿದರೆ ಇನ್ನು 10 ಗ್ರಾಂ ಸೇರಿಸಿ. ಜೆಲ್ ಒಡವೆಗೆ ನೇರ ತಾಗದಂತೆ ಬಟ್ಟೆ ಚೀಲದಲ್ಲಿರಲಿ. ಬಣ್ಣ ಹೋದ ಜೆಲ್ಲನ್ನು ಚೀಲದಿಂದ ಸುರಿದು ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಅಥವಾ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಬಣ್ಣ ಮರಳುವವರೆಗೆ ಹುರಿಯಿರಿ. ಅಡುಗೆಗೆ ಬಳಸದ ಬಾಣಲೆ ಬೇಕು. ಆರಿದ ಮೇಲೆಯೇ ಡಬ್ಬಿಗೆ. ಬಿಸಿಯಿದ್ದಾಗ ಹಾಕಿದರೆ ಅರಗಿಗೆ ಕೇಡು.

ಡಬ್ಬಿ ಮುಚ್ಚುವ ದಿನವೂ ಮುಖ್ಯ. ಫೆಬ್ರವರಿ ಅಥವಾ ಮಾರ್ಚಿನ ಒಣ ಮಧ್ಯಾಹ್ನ ಜೋಡಿಸಿ ಮುಚ್ಚಿ, ಮಳೆಗಾಲದಲ್ಲಿ ತೆರೆಯದಿರಿ. ಮಾಪಕವನ್ನು ಡಬ್ಬಿಯ ಗೋಡೆಗೆ ಮುಖ ಮಾಡಿ ಇಟ್ಟರೆ ಹೊರಗಿಂದಲೇ ಓದಬಹುದು, ತಿಂಗಳಿಗೊಮ್ಮೆ ನೋಡಿದರೆ ಸಾಕು. ಬೆಳ್ಳಿ ಕಪ್ಪಾಗದಂತೆ ತಡೆಯುವ ಪಟ್ಟಿಗಳನ್ನು ಕಡಗದ ಪಕ್ಕ ಹಾಕಬಹುದು. ಅವು ಗಂಧಕದ ಆವಿ ಹೀರುತ್ತವೆ, ತೇವವನ್ನಲ್ಲ, ವರ್ಷಕ್ಕೊಮ್ಮೆ ಬದಲಿಸಬೇಕು.

ಬ್ಯಾಂಕ್ ಲಾಕರ್ ಕಳ್ಳರಿಂದ ಕಾಯುತ್ತದೆ, ತೇವದಿಂದ ಕಾಯುವುದಿಲ್ಲ. ನೆಲಮಾಳಿಗೆಯ ಲಾಕರುಗಳಲ್ಲಿ ಬೆಳ್ಳಿ ಮನೆಗಿಂತ ಬೇಗ ಕಪ್ಪಾಗುವುದುಂಟು. ಲಾಕರಿಗೆ ಹಾಕುವುದಾದರೆ ಅದರ ಅಳತೆ ಕೇಳಿಕೊಂಡು, ಒಳಗೆ ಹಿಡಿಸುವ ಇಂಥದ್ದೇ ಡಬ್ಬಿಯಲ್ಲಿ ಮುಚ್ಚಿ ಹಾಕಿ. ಬೀಟೆ ಪೆಟ್ಟಿಗೆ ಮನೆಯಲ್ಲೇ ಇರಲಿ. ಬೆಂಗಳೂರಿನಲ್ಲಿ ಮಗಳಿಗೆ ಜೂನ್‌ನಿಂದ ನವೆಂಬರ್‌ವರೆಗೆ ಇದೇ ಕ್ರಮ. ಬೇಸಿಗೆಯಲ್ಲಿ ಜೆಲ್ ತೆಗೆದುಬಿಡಬೇಕು. ಹವೆ ತೀರಾ ಒಣಗಿದಾಗ ಮುತ್ತಿಗೆ ಬೇಕಾದ್ದು ಅದರ ವಿರುದ್ಧ. ಮಾಪಕ 40ಕ್ಕಿಂತ ಕೆಳಗೆ ತೋರಿಸಿದರೆ ಡಬ್ಬಿಯ ಮೂಲೆಯಲ್ಲಿ ಒದ್ದೆ ಹತ್ತಿಯಿಟ್ಟ ಸಣ್ಣ ಮುಚ್ಚಳವನ್ನು ಒಂದು ಗಂಟೆ ಇಟ್ಟು ತೆಗೆದರೆ ಸಾಕು. ಬೀಟೆ ಮರ ಖರೀದಿಸಿದ ರಸೀದಿಯನ್ನೂ ಪೆಟ್ಟಿಗೆಯ ಜೊತೆ ಕೊಡಿ. 2017ರಿಂದ ಬೀಟೆ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಿತ ಪಟ್ಟಿಯಲ್ಲಿದೆ. ಮುಂದೆ ಅವರು ವಿದೇಶಕ್ಕೆ ಹೋಗುವುದಾದರೆ ವಿಮಾನ ನಿಲ್ದಾಣದಲ್ಲಿ ಆ ರಸೀದಿ ಕೇಳಬಹುದು.